ಅಲ್ಲಿ ಯಾರಾನ ಅವ್ರಾ?

ಅರ್ಧ ಸೇರು ಹಿತಕಿದ ಬೇಳೆ. ನಮ್ಮತ್ತೆ ಬ್ಯಾಂಕಿನ ಫೋನಿಗೆ ಕಾದಿದ್ದರ ಅಳತೆ ಅದು. ಗಡಿಯಾರ ನೋಡಲಿಲ್ಲ. ನೆನೆಹಾಕಿದ ಅವರೆಕಾಳು ಬೋಸಿ ತುಂಬ ಮುಂದೆ ಇಟ್ಕೊಂಡು, ಫೋನನ್ನ ಸ್ಪೀಕರಿಗೆ ಹಾಕಿ ಮೊರದ ಅಂಚಿಗೆ ಒರಗಿಸಿ, ಅತ್ತೆ ಸೊಸೆ ಇಬ್ರೂ ಹಿತಕ್ತಾ ಕೂತಿದ್ವಿ.

ಸಂಗತಿ ಇಷ್ಟು. ಹಿಂದಿನ ದಿನ ಅತ್ತೆ ಹಸುಗೆ ಬೂಸ, ಹಿಂಡಿ ತರೋಕೆ ಹೋಗಿದ್ರು. 1,850 ರೂಪಾಯಿ ಆಯ್ತು. ಸ್ಕ್ಯಾನ್ ಮಾಡಿ ದುಡ್ಡು ಹಾಕಿದ್ರು. ಅತ್ತೆ ಅಕೌಂಟಿನಲ್ಲಿ ದುಡ್ಡು ಹೋಯ್ತು, ಅಂಗಡಿ ಡಬ್ಬ ಮಾತ್ರ ಕೂಗಲಿಲ್ಲ. ದುಡ್ಡು ಬಂದಾಗ ಇಷ್ಟು ಬಂತು ಅಂತ ಕೂಗ್ತೈತಲ್ಲ, ಆ ಡಬ್ಬ. ಅಂಗಡಿಯವನು ಒಳ್ಳೇನು. "ತಗೊಂಡೋಗಜ್ಜಿ, ಬಂದಾಗ ನೋಡಾಣ" ಅಂತ ಪುಸ್ತಕದಲ್ಲಿ ಬರ್ಕೊಂಡ. ಆದ್ರೆ ನಮ್ಮತ್ತೆಗೆ ಇನ್ನೊಬ್ರ ಪುಸ್ತಕದಲ್ಲಿ ಹೆಸರಿದ್ರೆ ನಿದ್ದೆ ಬರಲ್ಲ. ಎರಡು ಹಸು ಹಾಲು, ಹದಿನೈದು ದಿನಕ್ಕೊಂದು ಬಟವಾಡೆ. 1,850 ಅಂದ್ರೆ ನಮ್ಮನೇಲಿ ಸಣ್ಣ ದುಡ್ಡಲ್ಲ.

ಅದಕ್ಕೆ ಬ್ಯಾಂಕಿನ ನಂಬರಿಗೆ ಮಾಡಿದ್ವಿ.

"ನಮಸ್ಕಾರ. ನಾನು ತಮ್ಮ ಡಿಜಿಟಲ್ ಸಹಾಯಕಿ. ತಮಗೆ ಯಾವ ರೀತಿ ಸಹಾಯ ಮಾಡಬಹುದು?"

ಅತ್ತೆಗೆ ಖುಷಿಯಾಗೋಯ್ತು. "ಕನ್ನಡದಾಗೆ ಮಾತಾಡ್ತೈತೆ ಹುಡುಗಿ" ಅಂದ್ರು ನನ್ನ ಕಡೆ ತಿರುಗಿ. ಆಮೇಲೆ ಫೋನಿಗೆ, "ನಮಸ್ಕಾರ ಕಣಮ್ಮ. ಊಟ ಆಯ್ತಾ? ಯಾವೂರಮ್ಮ ನಿಂದು?"

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ."

"ದುಡ್ಡು ಕಟ್ಟಾಗೈತಮ್ಮ."

"ನೀವು ಸಾಲದ ಕಂತು ಕಟ್ಟಲು ಬಯಸುತ್ತೀರಿ. ಸರಿಯೇ?"

"ಅಯ್ಯೋ, ಸಾಲ ಎಲ್ಲೈತಮ್ಮ! ಕಟ್ಟಾಗೈತೆ ಅಂದ್ರೆ ಕಟ್ಟು!"

"ಧನ್ಯವಾದಗಳು. ನಿಮ್ಮ ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ತಿಳಿಸಿ."

ನಾನು ನಕ್ಕುಬಿಟ್ಟೆ. ಈಗ ನೆನೆಸ್ಕೊಂಡ್ರೆ ನಗಬಾರದಿತ್ತು ಅನ್ಸ್ತೈತೆ. ಅತ್ತೆ ಕೈಯಲ್ಲಿದ್ದ ಕಾಳು ಹಂಗೇ ಬಿಟ್ಟು ನನ್ನ ಮುಖ ನೋಡಿದ್ರು. "ಏಮ್ಮ, ನನ್ನೆಸ್ರಲ್ಲಿ ಯಾರಾನ ಸಾಲ ಎತ್ತವ್ರಾ?" ಮಾವ ಹೋದಾಗ ಇದ್ದ ಸಾಲ ಎಲ್ಲಾ ಮಾವಿನ ಫಸಲಲ್ಲಿ ತೀರಿಸಿ, ಆವತ್ತಿಂದ ಒಂದು ರೂಪಾಯಿ ಸಾಲ ಮಾಡ್ದೆ ಇರೋ ಹೆಂಗಸು. ಅವ್ರಿಗೆ ಒಂದು ಯಂತ್ರ ತಣ್ಣಗೆ ಸಾಲದ ನಂಬರು ಕೇಳ್ತು. 'ಪ್ರತಿನಿಧಿಯೊಡನೆ ಮಾತನಾಡಿ' ಅನ್ನೋದನ್ನ ಹುಡುಕಿ ಹುಡುಕಿ ಒತ್ತಿದ್ಮೇಲೆ, ಪ್ರತಿನಿಧಿಗಳೆಲ್ಲ ಕಾರ್ಯನಿರತರಾಗಿದ್ದಾರೆ ಅಂತ ಹಾಡು ಹಾಕ್ತು. ನಾವು ಹಿತಕಿದ್ವಿ. ಹಾಡು ಮುಗೀತು, ಮತ್ತೆ ಶುರುವಾಯ್ತು, ಕೊನೆಗೆ ಲೈನು ಕಟ್ಟಾಯ್ತು. ಕಟ್ಟಾಗೋಕೆ ಮುಂಚೆ ಅತ್ತೆ ಫೋನಿನ ಹತ್ರ ಬಾಯಿಟ್ಟು ಕೇಳಿದ್ದು ಒಂದೇ ಮಾತು: "ಅಲ್ಲಿ ಯಾರಾನ ಅವ್ರಾ?"

ಐದು ನಿಮಿಷಕ್ಕೆ ಮೆಸೇಜು ಬಂತು. ನಮ್ಮ ಸೇವೆ ನಿಮಗೆ ಇಷ್ಟವಾಯಿತೇ, ಎಷ್ಟು ಸ್ಟಾರು ಕೊಡುತ್ತೀರಿ?

ಈಗ ನನ್ನ ಜಗಳಕ್ಕೆ ಬರ್ತೀನಿ. ಯಾವಾಗ ಈ ಮಾತು ಎತ್ತಿದ್ರೂ ಒಂದು ಉತ್ತರ ಸಿದ್ಧವಾಗಿರ್ತೈತೆ: ಹಳ್ಳಿ ಜನಕ್ಕೆ, ವಯಸ್ಸಾದೋರಿಗೆ ಹೊಸದು ಅಂದ್ರೆ ಭಯ; ಅರಿವು ಮೂಡಿಸಬೇಕು; ಕಾಲಕ್ರಮೇಣ ಒಗ್ಗಿಕೊಳ್ತಾರೆ. ಸಂಕ್ರಾಂತಿಗೆ ಬಂದಿದ್ದ ನಮ್ಮಕ್ಕನ ಮಗನೂ ಇದನ್ನೇ ಅಂದ. ಬೆಂಗಳೂರಲ್ಲಿ ಇಂಥದ್ದೇ ಕೆಲಸ ಅವನಿಗೆ. "ಚಿಕ್ಕಮ್ಮ, ಎಐ ಬಂದೈತೆ, ನೀವು ಅಡ್ಜಸ್ಟ್ ಆಗ್ಬೇಕು ಅಷ್ಟೇ."

ಯಾರಪ್ಪಾ ಹೆದರಿದ್ದು? ಯಲ್ದೂರಿಗೆ ಬಂದು ನೋಡು. ಸ್ಕ್ಯಾನ್ ಮಾಡೋದ್ರಲ್ಲಿ ನಮ್ಮತ್ತೆ ನನಗಿಂತ ಚುರುಕು. ಓದೋಕೆ ಬರದ ನಮ್ಮ ಪಕ್ಕದ ಮನೆ ದೊಡ್ಡಮ್ಮ ಫೋನಿನ ಮೈಕು ಒತ್ತಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹಾಡು ಕೇಳಿದ್ರೆ ಯೂಟ್ಯೂಬು ಸರಿಯಾಗಿ ಅದನ್ನೇ ಕೊಡ್ತೈತೆ. ಹುಡುಗರು ಮಾವಿನ ಹೂವಿಗೆ ಜಿಗಿಹುಳ ಬಿದ್ರೆ ಮೊದಲು ಫೋನಿಗೆ ಫೋಟೋ ತೋರಿಸ್ತಾರೆ, ಆಮೇಲೆ ಹೊಗಳಗೆರೆ ತೋಟಗಾರಿಕೆ ಕೇಂದ್ರದೋರನ್ನ ಕೇಳ್ತಾರೆ. ಮಂಡಿ ರೇಟು, ಟೊಮೇಟೊ ಹರಾಜು, ಎಲ್ಲಾ ಫೋನಲ್ಲೇ. ನನ್ನ ಮಗಳು ಲೆಕ್ಕದ ಪಾಠ ಎಐ ಹತ್ರ ಹೇಳಿಸ್ಕೊಂತಾಳೆ, ನನಗಿಂತ ತಾಳ್ಮೆಯಾಗಿ ಹೇಳ್ಕೊಡ್ತೈತೆ ಅದು. ಸುಳ್ಳಾಡಬಾರದು.

ಇನ್ನೂ ಹಿಂದಕ್ಕೆ ಹೋಗಾಣ. ಹಾಲಿನ ಡೈರೀಲಿ ಮುಂಚೆ ಲ್ಯಾಕ್ಟೋಮೀಟರು ಇಳಿಬಿಟ್ಟು ಕಣ್ಣಳತೇಲಿ ಹೇಳ್ತಿದ್ರು. ಆಮೇಲೆ ಮಿಷಿನ್ನು ಬಂತು, ಫ್ಯಾಟು ಇಷ್ಟು, ಎಸ್ಸೆನ್ನೆಫ್ ಇಷ್ಟು ಅಂತ ಚೀಟಿ ಕೊಡೋಕೆ ಶುರುವಾಯ್ತು. ಹೆಂಗಸರು ಯಾರೂ ಗಲಾಟೆ ಮಾಡಲಿಲ್ಲ, ಖುಷಿಪಟ್ರು. ಯಾಕೆ? ಮಿಷಿನ್ನಿನ ಹಿಂದೆ ಸೆಕ್ರೆಟ್ರಿ ಕೂತಿರ್ತಾನೆ. ಫ್ಯಾಟು ಕಮ್ಮಿ ಬಂದ್ರೆ "ಏನಪ್ಪಾ ಇದು, ನಿನ್ನೆ ನಾಕಿತ್ತು ಇವತ್ತು ಮೂರಾ? ಇನ್ನೊಂದ್ಸಲ ಹಾಕು" ಅನ್ನಬೋದು. ಅವನು ಗೊಣಗ್ತಾನೆ, ಆದ್ರೆ ಹಾಕ್ತಾನೆ. ಹಾಕದಿದ್ರೆ ಸಾಯಂಕಾಲ ಅವನ ಮನೆ ಮುಂದೆ ಹೋಗಿ ಕೇಳಬೋದು. ಯಂತ್ರ ತಪ್ಪು ಹೇಳಬೋದು ಅಂತ ಎಲ್ರಿಗೂ ಗೊತ್ತು. ತಪ್ಪು ಹೇಳಿದ್ರೆ ಯಾರನ್ನ ಹಿಡ್ಕೊಬೇಕು ಅನ್ನೋದೂ ಗೊತ್ತು. ಅದಕ್ಕೇ ಒಪ್ಕೊಂಡ್ರು.

ಹಂಗಾಗಿ ನಮ್ಮ ಜನ ಬೇಡ ಅಂತಿರೋದು ಯಂತ್ರಾನಲ್ಲ. ಎಲ್ಲಾ ಸರಿ ಇದ್ದಾಗ ಕೆಲಸ ಮಾಡೋ ಯಂತ್ರ ಬೇರೆ. ಏನೋ ಕೆಟ್ಟಾಗ, ಉತ್ತರ ಹೇಳಬೇಕಾದವನ ಕುರ್ಚಿ ಮೇಲೆ ತಂದು ಕೂರಿಸಿರೋ ಯಂತ್ರ ಬೇರೆ. ಎರಡಕ್ಕೂ ಎಐ ಅಂತ ಒಂದೇ ಹೆಸರಿಟ್ಟು, ಮೊದಲನೇದನ್ನ ತೋರಿಸಿ ಎರಡನೇದನ್ನ ತಲೆಗೆ ಕಟ್ತಾವ್ರೆ. ನಮ್ಮತ್ತೆಗೆ ಆ ವ್ಯತ್ಯಾಸ ಅರ್ಧ ಸೇರು ಬೇಳೇಲಿ ಅರ್ಥವಾಯ್ತು. ಅರಿವು ಯಾರಿಗೆ ಮೂಡಿಸಬೇಕು ಅಂತ ನೀವೇ ಹೇಳಿ.

ಹಳ್ಳೀದು ಬಿಡಿ, ಬರೀ ಹಳ್ಳಿಯೋರ ಮಾತೇ ಇದು? ಗಾರ್ಟ್ನರ್ ಅನ್ನೋ ಸಂಶೋಧನಾ ಕಂಪನಿ 2023ರ ಡಿಸೆಂಬರಿನಲ್ಲಿ 5,728 ಗ್ರಾಹಕರನ್ನ ಕೇಳ್ತು. ಅವರಲ್ಲಿ ನೂರಕ್ಕೆ 64 ಜನ, ಗ್ರಾಹಕ ಸೇವೆಗೆ ಎಐ ಬಳಸದೆ ಇದ್ರೇ ಒಳ್ಳೇದು ಅಂದ್ರು. ಅವ್ರು ಹೇಳಿದ ದೊಡ್ಡ ಚಿಂತೆ ಏನು ಗೊತ್ತಾ? ಮನುಷ್ಯರ ಹತ್ರ ಹೋಗೋದೇ ಇನ್ನೂ ಕಷ್ಟವಾಗ್ತೈತೆ ಅನ್ನೋದು. ಅಂದ್ರೆ ನಮ್ಮತ್ತೆ ಕೇಳಿದ್ದನ್ನೇ ಅವ್ರೂ ಇಂಗ್ಲಿಷಿನಲ್ಲಿ ಕೇಳವ್ರೆ.

ಅಕ್ಕನ ಮಗನ ಹತ್ರ ವಾದ ಮಾಡ್ತಾ ಮಾಡ್ತಾ ಒಂದು ವಿಷಯ ಹೊರಗೆ ಬಂತು. ಅವನು ಹೆಮ್ಮೆಯಿಂದ ಹೇಳಿದ, ಈ ಬಾಟುಗಳು ಚೆನ್ನಾಗಿ ಕೆಲಸ ಮಾಡ್ತಾವಾ ಇಲ್ವಾ ಅಂತ ಅಳೆಯೋಕೆ ಒಂದು ಲೆಕ್ಕ ಐತಂತೆ. ಎಷ್ಟು ಕರೆ ಮನುಷ್ಯರ ತನಕ ಹೋಗದೆ ಯಂತ್ರದಲ್ಲೇ ಮುಗೀತು ಅನ್ನೋ ಲೆಕ್ಕ. ಅದಕ್ಕೆ 'ಕಂಟೈನ್‌ಮೆಂಟ್' ಅಂತ ಹೆಸರು. ಕೊರೊನಾದಾಗ ಬೀದಿಗೆ ಅಡ್ಡ ಗಳ ಕಟ್ಟಿ ಬೋರ್ಡು ಹಾಕಿದ್ರಲ್ಲ, ಕಂಟೈನ್‌ಮೆಂಟ್ ಜೋನು, ಅದೇ ಪದ!

"ಹಂಗಾದ್ರೆ, ಬೇಜಾರಾಗಿ ಫೋನಿಟ್ಟುಬಿಟ್ರೆ?" ಅಂದೆ.

ಅವನು ಸ್ವಲ್ಪ ಹೊತ್ತು ಕಬ್ಬು ಸಿಗೀತಾ ಇದ್ದ. "ಕೆಲವು ಕಡೆ ಅದೂ ಅದ್ರಲ್ಲೇ ಸೇರ್ಕೊಂಡ್‌ಬಿಡ್ತೈತೆ ಚಿಕ್ಕಮ್ಮ" ಅಂದ.

ಒಳ್ಳೇ ಹುಡುಗ, ಸುಳ್ಳು ಹೇಳಲ್ಲ. ಆದ್ರೆ ಆ ಮಾತನ್ನ ಯೋಚನೆ ಮಾಡಿ ನೋಡಿ. ಅತ್ತೆ ಸೋತು ಫೋನಿಟ್ಟಿದ್ದು ಯಾವುದೋ ಪರದೆ ಮೇಲೆ ಒಂದು ಗೆಲುವಾಗಿ ಬಿದ್ದಿರಬೋದು. ಅಂಥ ಲೆಕ್ಕದಲ್ಲಿ ಜನ ಒಗ್ಗಿಕೊಂಡವ್ರೆ ಅಂತಾನೇ ಬರೋದು. ಒಗ್ಗಿಕೊಂಡಿರೋದಲ್ಲ, ಕೈಬಿಟ್ಟಿರೋದು.

ಕೈಬಿಟ್ಟ ಜನ ಎಲ್ಲಿಗೆ ಹೋಗ್ತಾರೆ ಅನ್ನೋದು ಇದಕ್ಕಿಂತ ದೊಡ್ಡ ವಿಷಯ. ಕೆಲವರು ನನ್ನ ಹತ್ರ ಬರ್ತಾರೆ. ಪಿಯುಸಿ ಓದಿದೀನಿ, ಇಂಗ್ಲಿಷು ತಡವರಿಸ್ಕೊಂಡು ಓದ್ತೀನಿ ಅನ್ನೋ ಒಂದೇ ತಪ್ಪಿಗೆ ಬೀದಿಗೆಲ್ಲ ಈಗ ನಾನೇ ಚಾಟ್‌ಬಾಟು. ಸಿಲಿಂಡರು ಬುಕ್ಕಾಯ್ತಾ ನೋಡಮ್ಮ, ಗೃಹಲಕ್ಷ್ಮಿ ದುಡ್ಡು ಬಿದ್ದೈತಾ ನೋಡಕ್ಕ, ಪಾರ್ಸಲ್ಲು ಕೊಟ್ಟಾಯ್ತು ಅಂತ ತೋರಿಸ್ತೈತೆ ಆದ್ರೆ ಬಂದಿಲ್ಲ, ಇದ್ಯಾಕೆ ಕೆಂಪಗೆ ಬರ್ತೈತೆ. ಒಲೆ ಮೇಲೆ ಮುದ್ದೆ ಎಸರು ಕುದೀತಾ ಇರ್ತೈತೆ, ನಾನು ಯಾರದೋ ಓಟಿಪಿ ಓದ್ತಾ ಇರ್ತೀನಿ. ಕಂಪನಿ ಒಬ್ಬ ನೌಕರನ ಸಂಬಳ ಉಳಿಸ್ತು ಅಂತಾರಲ್ಲ, ಆ ಕೆಲಸ ಎಲ್ಲೂ ಮಾಯವಾಗಿಲ್ಲ. ಊರೂರಿನ ಸೊಸೆಯರ, ಹೈಸ್ಕೂಲು ಹುಡುಗಿಯರ ತಲೆ ಮೇಲೆ ಬಿದ್ದೈತೆ, ಸಂಬಳ ಇಲ್ದೆ.

ಇನ್ನು ಕೆಲವರು ಕಳ್ಳರ ಹತ್ರ ಹೋಗ್ತಾರೆ. ನಮ್ಮ ಹಿಂದಿನ ಬೀದಿ ಅಕ್ಕ ಒಬ್ರು, ಯಂತ್ರದ ಹತ್ರ ಬಡಿದಾಡಿ ಸಾಕಾಗಿ, ಗೂಗಲ್ಲಿನಲ್ಲಿ 'ಕಸ್ಟಮರ್ ಕೇರ್ ನಂಬರ್' ಅಂತ ಹುಡುಕಿದ್ರು. ಸಿಕ್ಕಿದ ನಂಬರಿಗೆ ಮಾಡಿದ್ರೆ ಮೊದಲನೇ ರಿಂಗಿಗೇ ಎತ್ತಿದ. "ಹೇಳಿ ಅಮ್ಮಾ" ಅಂದ. ಪೂರ್ತಿ ಕೇಳಿಸ್ಕೊಂಡ. "ಛೇ, ಹಿಂಗಾಗಬಾರದಿತ್ತು, ಈಗ್ಲೇ ಸರಿ ಮಾಡ್ಕೊಡ್ತೀನಿ" ಅಂದ. ಅವನು ಕಳಿಸಿದ ಲಿಂಕು ಒತ್ತಿದ್ರು, 12,000 ಹೋಯ್ತು. 1930ಕ್ಕೆ ಫೋನ್ ಮಾಡಿ ದೂರು ಕೊಡಿಸೋ ಹೊತ್ತಿಗೆ ರಾತ್ರಿಯಾಗಿತ್ತು. ಎಲ್ರೂ ಆ ಅಕ್ಕನಿಗೇ ಬೈದ್ರು, ಅಷ್ಟೂ ಗೊತ್ತಾಗಲ್ವಾ ಅಂತ. ನಾನು ಬೈಯಲ್ಲ. ಬ್ಯಾಂಕಿನ ನಂಬರಿನಲ್ಲಿ ಯಂತ್ರ, ಕಳ್ಳನ ನಂಬರಿನಲ್ಲಿ ಮನುಷ್ಯ. ಕಷ್ಟದಲ್ಲಿರೋರು ಯಾರನ್ನ ನಂಬ್ತಾರೆ? ಜನಕ್ಕೆ ಮನುಷ್ಯರ ದನಿ ಬೇಕು ಅನ್ನೋದು ಕಳ್ಳರಿಗೆ ಅರ್ಥವಾಗಿ ಯಾವ ಕಾಲವಾಯ್ತು.

ಭಾಷೆ ವಿಷಯಾನೂ ಹೇಳಿಬಿಡ್ತೀನಿ. 'ತಮ್ಮ', 'ವಹಿವಾಟು', 'ಬಯಸುತ್ತೀರಿ' ಅಂತ ನಮ್ಮೂರಲ್ಲಿ ಯಾರೂ ಮಾತಾಡಲ್ಲ. ನಮ್ಮದು ಕೋಲಾರದ ಕನ್ನಡ, ಒಂದು ಕಾಲು ತೆಲುಗಲ್ಲಿ ಇಟ್ಟಿರೋ ಕನ್ನಡ. ಹಿತಕಿದ ಬೇಳೇನ ಪಕ್ಕದ ಮನೆಯೋರು ಪಿತಕಪಪ್ಪು ಅಂತಾರೆ, ಎರಡೂ ನಮ್ಮದೇ. ಇದು ಆಗದೆ ಇರೋ ಕೆಲಸ ಏನಲ್ಲ; ಬೆಂಗಳೂರಿನ ಐಐಎಸ್‌ಸಿಯವರು ರೆಸ್ಪಿನ್ ಅನ್ನೋ ಯೋಜನೇಲಿ ಕನ್ನಡ, ತೆಲುಗೂ ಸೇರಿ ಒಂಬತ್ತು ಭಾಷೆಗಳಲ್ಲಿ, ಬೇರೆ ಬೇರೆ ಸೀಮೆಯ ಆಡುಮಾತನ್ನ ಬೇಸಾಯ, ಹಣಕಾಸಿನ ವಿಷಯಕ್ಕೇ ಅಂತ ರೆಕಾರ್ಡು ಮಾಡವ್ರೆ. ಕಂಪನಿಗಳಿಗೆ ಮನಸ್ಸಿದ್ರೆ ನಾಳೆ 'ಕಟ್ಟಾಗೈತೆ' ಅಂದ್ರೆ ಏನು ಅಂತ ಆ ಹುಡುಗಿಗೆ ಕಲಿಸಬೋದು. ಕಲಿಸಲಿ. ಆದ್ರೆ ಅರ್ಥವಾದ ಮೇಲೂ ಅವಳು "ಅಜ್ಜಿ, ತಪ್ಪು ನಮ್ಮದೇ, ನಾಳೆ ಹಾಕ್ತೀನಿ" ಅನ್ನೋಕೆ ಆಗ್ತೈತಾ? ಅಷ್ಟು ಅಧಿಕಾರ ಅವಳಿಗೆ ಕೊಟ್ಟವ್ರಾ? ಕೊಡದಿದ್ರೆ, ಅಪ್ಪಟ ಯಲ್ದೂರು ಕನ್ನಡದಲ್ಲಿ 'ಆಗಲ್ಲ' ಅನ್ನಿಸ್ಕೊಂಡು ನಾವೇನು ಮಾಡಾಣ?

ತಪ್ಪು ಮಾಡಿದಾಗ ಯಾರಿಗೆ ಉತ್ತರ ಸಿಗ್ತೈತೆ ಅನ್ನೋದಕ್ಕೆ ಒಂದು ಉದಾಹರಣೆ ಎಲ್ರಿಗೂ ನೆನಪಿರ್ಬೇಕು. 2025ರ ಜುಲೈ 14ಕ್ಕೆ ನಟಿ ಬಿ. ಸರೋಜಾದೇವಿ ತೀರ್ಕೊಂಡ್ರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದಿದ್ದನ್ನ ಕನ್ನಡದಲ್ಲಿ ಹಾಕಿದ್ರೆ, ಫೇಸ್‌ಬುಕ್ಕಿನ ಯಂತ್ರಾನುವಾದ ಸಿದ್ದರಾಮಯ್ಯನವರೇ ತೀರ್ಕೊಂಡ್ರು ಅನ್ನೋ ಹಂಗೆ ಇಂಗ್ಲಿಷಿಗೆ ತಿರುಗಿಸ್ತು. ಅವರ ಮಾಧ್ಯಮ ಸಲಹೆಗಾರರು ಮೆಟಾ ಕಂಪನಿಗೆ ಬರೆದ್ರು, ಸರಿಯಾಗೋವರೆಗೂ ಕನ್ನಡದ ಅನುವಾದ ನಿಲ್ಲಿಸಿ ಅಂದ್ರು. ಕಂಪನಿ ಕ್ಷಮೆ ಕೇಳ್ತು, ಸರಿ ಮಾಡಿದೀವಿ ಅಂತು. ಒಳ್ಳೇದೇ ಆಯ್ತು. ಬದುಕಿರೋರನ್ನ ಸಾಯಿಸೋದು ಸಣ್ಣ ತಪ್ಪಲ್ಲ. ಆದ್ರೆ ಮುಖ್ಯಮಂತ್ರಿಗೆ ಸಿಕ್ಕಿದ್ದು ಕ್ಷಮೆ, ನಮ್ಮತ್ತೆಗೆ ಸಿಕ್ಕಿದ್ದು 'ಎಷ್ಟು ಸ್ಟಾರು?'

ಇನ್ನೊಂದು ಕೆನಡಾ ದೇಶದ್ದು. ಅಜ್ಜಿ ತೀರ್ಕೊಂಡ ಒಬ್ಬ ಮನುಷ್ಯ ಸಾವಿಗೆ ಹೋಗೋರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಐತಾ ಅಂತ ಏರ್ ಕೆನಡಾದ ಚಾಟ್‌ಬಾಟನ್ನ ಕೇಳಿದ. ಮೊದಲು ಟಿಕೆಟು ತಗೋ, ಆಮೇಲೆ 90 ದಿನದೊಳಗೆ ಅರ್ಜಿ ಹಾಕು ಅಂತು ಅದು. ಹಾಕಿದ್ರೆ ಕಂಪನಿ ಆಗಲ್ಲ ಅಂತು. ವ್ಯಾಜ್ಯ ಹೋಯ್ತು. ಕಂಪನಿ ಅಲ್ಲಿ ಏನು ವಾದ ಮಾಡ್ತು ಅಂದ್ರೆ, ಚಾಟ್‌ಬಾಟು ಅನ್ನೋದೇ ಬೇರೆ ಒಂದು ಕಾನೂನು ವ್ಯಕ್ತಿ, ಅದು ಹೇಳಿದ್ದಕ್ಕೆ ಅದೇ ಜವಾಬ್ದಾರಿ! ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಆ ವಾದ ತಳ್ಳಿಹಾಕಿ, ನಿಮ್ಮ ವೆಬ್‌ಸೈಟಿನಲ್ಲಿ ಇರೋದಕ್ಕೆಲ್ಲ ನೀವೇ ಹೊಣೆ ಅಂತ ಹೇಳಿ, ಬಡ್ಡಿ ಖರ್ಚು ಸೇರಿ 812 ಡಾಲರು ಚಿಲ್ಲರೆ ಕೊಡಿಸ್ತು. ನಮ್ಮ ಕಡೆ ಆಳು ಮಾಡಿದ ತಪ್ಪಿಗೆ ಯಜಮಾನ ತಲೆ ಕೊಡ್ಬೇಕು ಅಂತಾರೆ. ಸಂಬಳ ಕೊಡದ ಆಳಾದ್ರೆ ತಲೆ ಕೊಡೋ ಹಂಗಿಲ್ವಾ?

ಮತ್ತೆ ನಮ್ಮನೆ ವಿಷಯಕ್ಕೆ. ಮೂರನೇ ದಿನ ಆ್ಯಪಿನ ಚಾಟಿನಲ್ಲಿ ಕನ್ನಡದಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಉತ್ತರ ಬಂತು: ನಿಮ್ಮ ತೊಂದರೆಗೆ ವಿಷಾದವಿದೆ, ಇದರಿಂದ ಸಹಾಯವಾಯಿತೇ, ಹೌದು, ಇಲ್ಲ. 'ಇಲ್ಲ' ಒತ್ತಿದ್ರೆ ಮತ್ತೆ ಮೊದಲಿಂದ. ಐದನೇ ದಿನ ಬ್ಯಾಂಕಿಗೇ ಹೋದೆ. ಅಲ್ಲಿದ್ದ ಹುಡುಗ ಮರ್ಯಾದಸ್ಥ. ಬೇರೆ ರಾಜ್ಯದವನು, ಕಷ್ಟಪಟ್ಟು ಕನ್ನಡದಲ್ಲೇ ಮಾತಾಡಿದ. ಪಾಪ, ಅವನೂ ಪರದೆ ತೆಗೆದು ಅದೇ ಆ್ಯಪಿನಲ್ಲಿ ದೂರು ಹಾಕಿ ಅಂದ. ಅವನ ಕೈಲೂ ಏನೂ ಇಲ್ಲ. ಮನುಷ್ಯನನ್ನ ಕೂರಿಸಿ ಅವನ ಕೈ ಕಟ್ಟಿಹಾಕಿದ್ರೆ ಅವನೂ ಒಂದು ಬಾಟೇ.

ಒಂಬತ್ತನೇ ದಿನ 1,850 ವಾಪಸ್ಸು ಬಂತು, ತಾನಾಗೇ. ಅತ್ತೆ ಅವತ್ತೇ ಹೋಗಿ ಅಂಗಡಿ ಬಾಕಿ ತೀರಿಸಿ, ಪುಸ್ತಕದಲ್ಲಿ ಹೆಸರು ಹೊಡೆದುಹಾಕಿಸಿ ಬಂದ್ರು. ಎಲ್ರೂ ಅಂದ್ರು, ಬಂತಲ್ಲ ಬಿಡಿ.

ಬಿಡೋಕೆ ಆಗಲಿಲ್ಲ. ಅಕ್ಕನ ಮಗನೇ ಹುಡುಕಿಕೊಟ್ಟ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸೈತೆ. ಯುಪಿಐನಲ್ಲಿ ಅಂಗಡಿಗೆ ಕಟ್ಟಿದ ದುಡ್ಡು ನಮ್ಮ ಖಾತೇಲಿ ಕಡಿತವಾಗಿ, ಅಂಗಡಿಗೆ ಖಾತ್ರಿ ಸಿಗದಿದ್ರೆ, ಆ ದಿನ ಬಿಟ್ಟು 5 ದಿನದೊಳಗೆ ತಾನಾಗೇ ವಾಪಸ್ಸು ಬರಬೇಕು. ಅದಕ್ಕಿಂತ ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನೂ ಗ್ರಾಹಕರು ದೂರು ಕೊಡೋವರೆಗೂ ಕಾಯದೆ ಬ್ಯಾಂಕೇ ಖಾತೆಗೆ ಹಾಕಬೇಕು. ಅಂದ್ರೆ ನಮ್ಮತ್ತೆಗೆ ನಾಲ್ಕು ದಿನಕ್ಕೆ 400 ರೂಪಾಯಿ ಬರಬೇಕು. ಬಂದಿಲ್ಲ.

ನನಗೆ ಸಿಟ್ಟು ಬಂದಿದ್ದು ಆ 400ಕ್ಕಲ್ಲ. ಅಷ್ಟು ಮಾತಾಡಿದ ಆ ಡಿಜಿಟಲ್ ಸಹಾಯಕಿ ಸಾಲ ಬೇಕಾ ಅಂತು, ಕ್ರೆಡಿಟ್ ಕಾರ್ಡು ಬೇಕಾ ಅಂತು, ಈ ಒಂದು ನಿಯಮ ಮಾತ್ರ ಹೇಳಲಿಲ್ಲ. ಅವಳಿಗೆ ಬುದ್ಧಿ ಕಮ್ಮಿ ಅಂತ ನಾನು ಒಪ್ಪಲ್ಲ. ಏನು ಕಲಿಸಬೇಕು, ಏನು ಕಲಿಸಬಾರದು ಅಂತ ಯಾರೋ ಮನುಷ್ಯರೇ ಕೂತು ತೀರ್ಮಾನ ಮಾಡವ್ರೆ. ಅವ್ರು ಮಾತ್ರ ಯಾವ ನಂಬರು ಒತ್ತಿದ್ರೂ ಸಿಗಲ್ಲ.

ನನಗೆ ಬೇಕಿರೋದು ದೊಡ್ಡದೇನಲ್ಲ. ಮೊದಲನೇ ಮೆನುವಿನಲ್ಲೇ ಮನುಷ್ಯರಿಗೆ ಅಂತ ಒಂದು ನಂಬರಿರಲಿ, ಒಂಬತ್ತನೇ ಮೆನುವಿನ ಹಿಂದೆ ಬಚ್ಚಿಡಬೇಡಿ. ಎತ್ತಿದವರಿಗೆ ನಮ್ಮ ಮಾತು ಬರಲಿ, ಸರಿ ಮಾಡೋ ಅಧಿಕಾರ ಇರಲಿ. ಮಾತಾಡ್ತಿರೋದು ಯಂತ್ರವಾದ್ರೆ ಮೊದಲೇ 'ನಾನು ಯಂತ್ರ' ಅನ್ನಲಿ. 'ಸಹಾಯಕಿ' ಅಂದ್ರೆ ಅತ್ತೆಯಂಥೋರು ಊಟ ಆಯ್ತಾ ಅಂತ ಕೇಳ್ತಾರೆ. ಖರ್ಚಾಗ್ತೈತೆ ಅಂತಾನೆ ಅಕ್ಕನ ಮಗ. ಆಗಲಿ ಮಗಾ. ಈಗ ಆ ಖರ್ಚು ನಾವು ಕೊಡ್ತಾ ಇದೀವಲ್ಲ, ಹಿತಕಿದ ಬೇಳೆ ಲೆಕ್ಕದಲ್ಲಿ.

ಕಾಗದ ಬರೆದೆ. ಕನ್ನಡದಲ್ಲಿ, ಕೈಬರಹದಲ್ಲಿ. ಸುತ್ತೋಲೆ ತಾರೀಕು ಹಾಕಿ, 400 ರೂಪಾಯಿ ಅಂತ ಅಕ್ಷರದಲ್ಲೂ ಅಂಕಿಯಲ್ಲೂ ಬರೆದು, ಅತ್ತೆ ಸಹಿ ಹಾಕಿಸಿ, ಬ್ಯಾಂಕಿನಲ್ಲಿ ಕೊಟ್ಟು ಸೀಲು ಹಾಕಿಸ್ಕೊಂಡು ಬಂದಿದೀನಿ. 30 ದಿನದೊಳಗೆ ಉತ್ತರ ಬರದಿದ್ರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನಿಗೆ ದೂರು ಹಾಕಬೋದು. ಆ ವ್ಯವಸ್ಥೆಯ ಸಹಾಯದ ನಂಬರು 14448. ನಿಮಗೂ ಬೇಕಾಗಬೋದು, ಬರ್ಕೊಳ್ಳಿ.

ಅತ್ತೆ ಗೋಡೆ ಕ್ಯಾಲೆಂಡರಿನಲ್ಲಿ ಮೂವತ್ತನೇ ದಿನಕ್ಕೆ ಇದ್ದಿಲಲ್ಲಿ ಒಂದು ಗೀಟು ಎಳೆದವ್ರೆ. ಅದರ ಪಕ್ಕದಲ್ಲೇ ಕೆಂದ ಹಸು ಕರು ಹಾಕೋ ದಿನಕ್ಕೆ ಹಾಕಿರೋ ಗೀಟು. ಯಾವುದು ಮೊದಲು ಬರ್ತೈತೋ ನೋಡಾಣ ಅಂತಾವ್ರೆ.